ಆಟದ ರಾಜಧಾನಿಯೆನಿಸಿಕೊಂಡ ಊರು

ಊರುಗಳಿಗೆ ಹೆಸರು ಬರುವ ಬಗೆ ಬಹು ವಿಚಿತ್ರವಾದದ್ದು. ಒಂದೂರು ದೇವರಿಂದ ಹೆಸರಾಗುವುದು, ಇನ್ನೊಂದು ಸೀರೆಯಿಂದ, ಮತ್ತೊಂದು ಸಿಹಿತಿಂಡಿಯಿಂದ. ಇದು ನಮ್ಮ ವಾಚಕರಿಗೆ ತಿಳಿದ ಮಾತೇ ಸರಿ. ಆದರೆ ಹುಡುಗರು ನಾಣ್ಯ ಹಾಕಿ ಆಡುವ ಆಟದಿಂದ ಒಂದೂರು ಹೆಸರು ಪಡೆದು, ಒಂದೆರಡು ವರ್ಷಗಳಲ್ಲಿ ಅದನ್ನು ಕಳೆದುಕೊಂಡು, ಇಪ್ಪತ್ತೈದು ವರ್ಷಗಳಾದ ಮೇಲೆ ಅದೇ ಹೆಸರನ್ನು ಹುಡುಕಿಕೊಂಡು ಹೊರಟಿತೆಂದರೆ ಆ ಕಥೆಯನ್ನು ಕೇಳಬೇಕಾದದ್ದೇ. ಈ ತಿಂಗಳು ನಾವು ಅಂತಹ ಒಂದೂರಿನ ಸಮಾಚಾರವನ್ನು ಹೇಳಬೇಕೆಂದಿರುವೆವು.

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಯೋವಾ ಎಂಬುದೊಂದು. ಮೆಕ್ಕೆಜೋಳಕ್ಕೂ ಹಂದಿಗಳಿಗೂ ಪ್ರಸಿದ್ಧವಾದ ಬಯಲುಸೀಮೆ ಅದು. ಅದರ ಆಗ್ನೇಯ ಭಾಗದಲ್ಲಿ, ಡಿ ಮೊಯಿನ್ ಎಂಬ ನದಿಯ ಎರಡು ದಡಗಳಲ್ಲಿಯೂ ಹಬ್ಬಿಕೊಂಡು ಅಟಮ್ವಾ ಎಂಬ ಊರಿರುವುದು. ಮೊದಲು ಸುತ್ತಲಿನ ಕಲ್ಲಿದ್ದಲ ಗಣಿಗಳಿಂದಲೂ, ಬಳಿಕ ಮಾಂಸವನ್ನು ಸಿದ್ಧಪಡಿಸಿ ಹೊರಗೆ ಕಳುಹಿಸುವ ದೊಡ್ಡ ಕಾರ್ಖಾನೆಯಿಂದಲೂ ಅಲ್ಲಿಯ ಜನ ಜೀವಿಸಿದರು. ಮೊರೆಲ್ ಕಂಪೆನಿಯವರ ಆ ಕಾರ್ಖಾನೆಯು 1877ನೆಯ ಇಸವಿಯಲ್ಲಿ ಆರಂಭವಾಗಿ 1973ರಲ್ಲಿ ಬಾಗಿಲು ಹಾಕಿತು. ತಾತನೂ ತಂದೆಯೂ ಮಗನೂ ಒಂದೇ ಗೇಟಿನಲ್ಲಿ ಒಳಹೊಕ್ಕು ಒಂದೇ ಗೇಟಿನಲ್ಲಿ ಹೊರಬರುತ್ತಿದ್ದ ಊರಿನಲ್ಲಿ ಆ ಗೇಟು ಮುಚ್ಚಿದರೆ ಏನಾಗುವುದೆಂಬುದನ್ನು ವಿವರಿಸಬೇಕಾದುದಿಲ್ಲ. ಬೇರೆ ಕಂಪೆನಿಗಳು ಬಂದು ಅದೇ ಕಸುಬನ್ನು ಮುಂದುವರಿಸಿದುವು. ಹುಲ್ಲುಕಟ್ಟುವ ಯಂತ್ರಗಳನ್ನು ಮಾಡುವ ಜಾನ್ ಡಿಯರ್ ಕಂಪೆನಿಯವರ ಕಾರ್ಖಾನೆಯೂ ಇತ್ತು. ಆದರೂ ಜನಗಣತಿಯ ಅಂಕಿಗಳು ಸುಳ್ಳಾಡುವುದಿಲ್ಲ. 1960ರಲ್ಲಿ 33,871 ಇದ್ದ ಜನಸಂಖ್ಯೆಯು 1980ರ ಹೊತ್ತಿಗೆ 27,381ಕ್ಕೆ ಇಳಿದುಹೋಗಿತ್ತು.

ಹೀಗೆ ಇಳಿಮುಖವಾಗಿದ್ದ ಊರಿಗೆ 1981ನೆಯ ಇಸವಿ ನವೆಂಬರ್ ತಿಂಗಳ 10ನೆಯ ತಾರೀಕು ಒಂದು ಹೊಸ ಅಂಗಡಿ ಬಂದಿತು. ಅದರ ಯಜಮಾನರು ವಾಲ್ಟರ್ ಡೇ ಎಂಬವರು. ಅಂಗಡಿಯ ಹೆಸರು ಟ್ವಿನ್ ಗ್ಯಾಲಕ್ಸೀಸ್, ಎಂದರೆ ಜೋಡಿ ನಕ್ಷತ್ರಮಂಡಲಗಳು. ಅದು ನಾಣ್ಯದಿಂದ ನಡೆಯುವ ವಿಡಿಯೋ ಆಟಗಳ ಅಂಗಡಿ. ಇಂತಹವನ್ನು ಆ ದೇಶದಲ್ಲಿ ಆರ್ಕೇಡ್ ಎಂದು ಕರೆಯುವರು.

ಅದನ್ನು ಕಣ್ಣಾರೆ ಕಾಣದ ಹಿರಿಯರಿಗಾಗಿ ಎರಡು ಮಾತು. ಆಳೆತ್ತರದ ಮರದ ಬೀರುವೊಂದನ್ನು ಭಾವಿಸಿಕೊಳ್ಳಬೇಕು. ಅದರ ಎದೆಯ ಮಟ್ಟದಲ್ಲಿ ಟೆಲಿವಿಷನ್ನಿನಂತಹ ಗಾಜು. ಅದರ ಕೆಳಗೆ ಹಿಡಿದು ತಿರುಗಿಸಲು ಒಂದು ಕೋಲು, ಒತ್ತಲು ಒಂದೆರಡು ಗುಂಡಿಗಳು. ಇನ್ನೂ ಕೆಳಗೆ ನಾಣ್ಯ ಹಾಕುವ ಸೀಳು. ಕಾಲು ಡಾಲರಿನ ನಾಣ್ಯವೊಂದನ್ನು ಹಾಕಿದರೆ ಆಟ ಮೊದಲಾಗುವುದು. 1972ರ ಪಾಂಗ್ ಎಂಬ ಚೆಂಡಾಟದಿಂದ ಅಮೇರಿಕದಲ್ಲಿ ಹರಡಿದ ಈ ಹುಚ್ಚು 1978ರಲ್ಲಿ ಜಪಾನಿನಿಂದ ಬಂದ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್, 1981ರ ಡಾಂಕಿ ಕಾಂಗ್ ಇವುಗಳಿಂದ ಬಹಳ ಏರಿತು. ಈ ಆಟಗಳಿಗೂ ನಮ್ಮ ಮನೆಯೊಳಗಿನ ಆಟಗಳಿಗೂ ಒಂದು ದೊಡ್ಡ ಭೇದವುಂಟು. ಚೌಕಾಬಾರದಲ್ಲಿ ಕಾಯಿಗಳೆಲ್ಲ ಹಣ್ಣಾದರೆ ಆಟ ಮುಗಿಯಿತು, ಗೆದ್ದವನು ಎದ್ದು ಕೈಕೊಡವಿಕೊಳ್ಳುವನು. ಆ ಯಂತ್ರಗಳ ಆಟಗಳಲ್ಲಿ ಬಹುಮಟ್ಟಿಗೆ ಗೆಲುವೆಂಬುದೇ ಇಲ್ಲ. ಆಡಿದಷ್ಟೂ ಆಟ ಕಠಿಣವಾಗುತ್ತ ಹೋಗಿ, ಎಂದಾದರೊಮ್ಮೆ ಆಟಗಾರನು ಸೋಲಲೇಬೇಕು. ಸೋಲುವುದಕ್ಕೆ ಮುಂಚೆ ಎಷ್ಟು ಅಂಕ ಕೂಡಿಸಿದನೆಂಬುದೊಂದೇ ಅವನ ಹೆಗ್ಗಳಿಕೆ. ಇನ್ನೊಂದು ತಮಾಷೆಯೂ ಇದರಲ್ಲಿ ಅಡಗಿರುವುದು. ಒಂದೇ ನಾಣ್ಯದಲ್ಲಿ ಎಷ್ಟು ಹೊತ್ತಾದರೂ ಆಡಬಹುದಾದುದರಿಂದ, ಅತ್ಯಂತ ನಿಪುಣನಾದ ಆಟಗಾರನೇ ಅಂಗಡಿಯವನ ಪಾಲಿಗೆ ಅತ್ಯಂತ ಕೆಟ್ಟ ಗಿರಾಕಿ!

ವಾಲ್ಟರ್ ಡೇ ಅವರ ವಿಷಯದಲ್ಲಿ ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವೆವು. ಅಟಮ್ವಾದಿಂದ ಪೂರ್ವಕ್ಕೆ ಸುಮಾರು 25 ಮೈಲಿ ದೂರದಲ್ಲಿ ಫೇರ್‌ಫೀಲ್ಡ್ ಎಂಬ ಸಣ್ಣ ಊರಿರುವುದು. ಅಲ್ಲಿ ನಿಂತುಹೋಗಿದ್ದ ಒಂದು ಕಾಲೇಜಿನ ಕಟ್ಟಡಗಳನ್ನು ಕೊಂಡು, ಮಹರ್ಷಿ ಮಹೇಶ ಯೋಗಿಗಳ ಅನುಯಾಯಿಗಳು 1974ರಲ್ಲಿ ತಮ್ಮ ವಿಶ್ವವಿದ್ಯಾನಿಲಯವನ್ನು ನೆಲೆಗೊಳಿಸಿದರು. ಅವರು ಬೋಧಿಸುವ ಭಾವಾತೀತ ಧ್ಯಾನವನ್ನು ಅಭ್ಯಾಸಮಾಡುವವರು ದೇಶದ ನಾನಾ ಕಡೆಗಳಿಂದ ಬಂದು ಅಲ್ಲಿ ಮನೆಮಾಡಿದರು. ಅವರಲ್ಲಿ ಡೇ ಅವರೂ ಒಬ್ಬರು. ಹಿಮಾಲಯದ ತಪ್ಪಲಿನಿಂದ ಹೊರಟ ಜಪವು ಅಯೋವಾದ ಜೋಳದ ಹೊಲಗಳ ನಡುವೆ ತಂಗಿ, ಅದರ ಮಗ್ಗುಲಿನ ಊರಿನಲ್ಲಿ ಆಟದಂಗಡಿಗೆ ಕಾರಣವಾದ ಬಗೆಯನ್ನು ನೆನೆದರೆ ನಗೆಯೂ ಬರುವುದು, ಬೆರಗೂ ಆಗುವುದು.

ಅಂಗಡಿ ತೆರೆಯುವ ಮುನ್ನ, ಅದೇ ವರ್ಷದ ಬೇಸಗೆಯಲ್ಲಿ, ಡೇ ಅವರು ಒಂದು ವಿಲಕ್ಷಣವಾದ ಕೆಲಸವನ್ನು ಮಾಡಿದ್ದರು. ನಾಲ್ಕು ತಿಂಗಳ ಕಾಲ ಊರೂರು ಸುತ್ತಿ, ನೂರಕ್ಕೂ ಮೇಲ್ಪಟ್ಟ ಆಟದಂಗಡಿಗಳಿಗೆ ಹೋಗಿ, ಒಂದೊಂದು ಯಂತ್ರದಲ್ಲಿಯೂ ಅತಿ ಹೆಚ್ಚಿನ ಅಂಕ ಎಷ್ಟೆಂಬುದನ್ನು ಬರೆದುಕೊಂಡು ಬಂದಿದ್ದರು. ಆ ಕಾಲದ ಯಂತ್ರಗಳು ಗೆದ್ದವನ ಹೆಸರಿನ ಮೂರು ಅಕ್ಷರಗಳನ್ನು ಮಾತ್ರ ತೋರಿಸುತ್ತಿದ್ದುವು. ಹೆಚ್ಚಿನವುಗಳಲ್ಲಿ ರಾತ್ರಿ ವಿದ್ಯುತ್ತನ್ನು ತೆಗೆದರೆ ಆ ಮೂರಕ್ಷರವೂ ಅಳಿಸಿಹೋಗುವುದು. ಒಬ್ಬ ಹುಡುಗನು ಆರು ತಿಂಗಳು ಬೆವರು ಸುರಿಸಿ ಸಾಧಿಸಿದ್ದನ್ನು ಅಂಗಡಿಯ ಆಳು ಒಂದು ಗುಂಡಿಯಿಂದ ಆರಿಸಿಬಿಡುವನು. ಅದನ್ನು ಬರೆದಿಡತಕ್ಕವರು ಯಾರೂ ಇದ್ದಿಲ್ಲ. 1982ನೆಯ ಇಸವಿ ಫೆಬ್ರವರಿ 9ರಂದು ಡೇ ಅವರು ತಮ್ಮ ಲೆಕ್ಕದ ಪುಸ್ತಕವನ್ನು ಲೋಕಕ್ಕೆ ತೆರೆದಿಟ್ಟು, ಇದು ರಾಷ್ಟ್ರದ ಅಂಕಫಲಕವೆಂದು ಸಾರಿದರು. ಅಲ್ಲಿಂದ ಮುಂದೆ ದೇಶದ ಮೂಲೆಮೂಲೆಗಳಿಂದ ಟೆಲಿಫೋನ್ ಬರಲು ಮೊದಲಾಯಿತು. ‘ನಮ್ಮೂರಿನ ಹುಡುಗ ಇಷ್ಟು ಲಕ್ಷ ಮಾಡಿದ, ಬರೆದುಕೊಳ್ಳಿ’ ಎಂದು ಒಬ್ಬರು. ‘ಅದು ಸುಳ್ಳು, ನಮ್ಮವನದು ಹೆಚ್ಚು’ ಎಂದು ಮತ್ತೊಬ್ಬರು. ಆಡಿದ ಅಂಗಡಿಯವರ ಸಾಕ್ಷ್ಯವನ್ನು ಕೇಳಿ, ತಾಳೆನೋಡಿ, ಬರೆದುಕೊಳ್ಳುವುದು ಡೇ ಅವರ ಕಾಯಕವಾಯಿತು. ಪಂದ್ಯದ ತೀರ್ಪುಗಾರರು ತೊಡುವ ಕಪ್ಪುಬಿಳುಪು ಪಟ್ಟೆಯ ಅಂಗಿಯನ್ನು ತೊಟ್ಟು ಅವರು ನಿಲ್ಲುತ್ತಿದ್ದ ಭಾವಚಿತ್ರಗಳು ಈಗಲೂ ಕಾಣಸಿಗುವುವು.

ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಡಬೇಕು. ಅಟಮ್ವಾ ಒಂದು ಆಟವನ್ನೂ ಕಂಡುಹಿಡಿಯಲಿಲ್ಲ, ಒಂದು ಯಂತ್ರವನ್ನೂ ಮಾಡಲಿಲ್ಲ. ಆಟಗಳು ಜಪಾನಿನಲ್ಲಿಯೂ ಕ್ಯಾಲಿಫೋರ್ನಿಯದಲ್ಲಿಯೂ ಷಿಕಾಗೋದಲ್ಲಿಯೂ ಹುಟ್ಟುತ್ತಿದ್ದುವು. ಅಟಮ್ವಾ ಮಾಡಿದ್ದು ಸಾಕ್ಷಿಯ ಕೆಲಸ. ಯಾರು ಏನು ಮಾಡಿದರೆಂಬುದನ್ನು ನೋಡಿ, ನಂಬಿ, ಬರೆದಿಟ್ಟಿತು. ಅದರ ಹೆಸರೆಲ್ಲ ಬಂದದ್ದು ಇದರಿಂದಲೇ.

1982ರ ನವೆಂಬರ್ ತಿಂಗಳು ಆ ಊರಿನ ಸುಗ್ಗಿಯ ಕಾಲವೆನ್ನಬಹುದು. 7ನೆಯ ತಾರೀಕು ಅಲ್ಲಿಯ ಮುಖ್ಯ ಬೀದಿಯ ನಡುಮಧ್ಯದಲ್ಲಿ ಆಟದ ಯಂತ್ರಗಳನ್ನು ತಂದು ಸಾಲಾಗಿ ನಿಲ್ಲಿಸಿ, ದೇಶದ ನಾನಾ ಕಡೆಗಳಿಂದ ಬಂದ ಹದಿನಾರು ಮಂದಿ ಆಟಗಾರರನ್ನು ಅವುಗಳ ಹಿಂದೆ ನಿಲ್ಲಿಸಿ, ಹುರಿದುಂಬಿಸುವ ಹುಡುಗಿಯರನ್ನು ಮುಂದೆ ಕೂರಿಸಿ, ಲೈಫ್ ಎಂಬ ಪ್ರಸಿದ್ಧ ಪತ್ರಿಕೆಯವರು ಭಾವಚಿತ್ರ ತೆಗೆದರು. ಅದು 1983ರ ಜನವರಿ ಸಂಚಿಕೆಯಲ್ಲಿ ಪ್ರಕಟವಾಯಿತು. ನವೆಂಬರ್ 30ರಂದು ನಗರಾಧ್ಯಕ್ಷರಾದ ಜೆರ‍್ರಿ ಪಾರ್ಕರ್ ಅವರು ಅಟಮ್ವಾ ನಗರವು ‘ಪ್ರಪಂಚದ ವಿಡಿಯೋ ಆಟಗಳ ರಾಜಧಾನಿ’ ಎಂದು ಘೋಷಿಸಿದರು. ಮುಂದಿನ ಮಾರ್ಚ್ 19ರಂದು ಅದೇ ಅಂಗಡಿಯಲ್ಲಿ ನಡೆದ ಸಮಾರಂಭದಲ್ಲಿ ಅಯೋವಾದ ಗವರ್ನರ್ ಟೆರಿ ಬ್ರಾನ್‌ಸ್ಟಡ್ ಅವರೂ, ಅಟಾರಿ ಕಂಪೆನಿಯವರೂ, ಯಂತ್ರ ತಯಾರಕರ ಸಂಘದವರೂ ಆ ಬಿರುದಿಗೆ ತಮ್ಮ ಸಮ್ಮತಿಯನ್ನು ಕೊಟ್ಟರು. ಇಪ್ಪತ್ತೇಳು ಸಾವಿರ ಜನರ ಊರೊಂದು ಪ್ರಪಂಚದ ರಾಜಧಾನಿಯಾಗಲು ಇಷ್ಟು ಮಂದಿಯ ಸಮ್ಮತಿ ಸಾಕೇ ಎಂದು ಕೇಳುವವರೂ ಇದ್ದಾರು. ಆದರೆ ಬೇರೆ ಯಾವ ಊರೂ ಆ ಲೆಕ್ಕದ ಪುಸ್ತಕವನ್ನು ಇಟ್ಟಿರಲಿಲ್ಲವಷ್ಟೆ.

ಇದನ್ನೆಲ್ಲ ಓದುವಾಗ ತಾಯ್ತಂದೆಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದಿರದು. ಅಂದಿನ ಅಮೇರಿಕದ ಹಿರಿಯರ ಮನಸ್ಸಿನಲ್ಲಿಯೂ ಅದು ಎದ್ದಿತು. ಆ ಭಾವಚಿತ್ರ ತೆಗೆದ ಎರಡೇ ದಿನಗಳ ತರುವಾಯ, ನವೆಂಬರ್ 9ರಂದು, ಆ ದೇಶದ ಪ್ರಧಾನ ವೈದ್ಯಾಧಿಕಾರಿಗಳಾಗಿದ್ದ ಡಾಕ್ಟರ್ ಎವರೆಟ್ ಕೂಪ್ ಅವರು ಪಿಟ್ಸ್‌ಬರ್ಗಿನಲ್ಲಿ ಮಾತನಾಡುತ್ತ, ಮಕ್ಕಳು ಈ ಆಟಗಳಿಗೆ ಮೈಮನಗಳನ್ನು ಒಪ್ಪಿಸಿಬಿಡುತ್ತಿರುವರೆಂದೂ ಇವು ಅವರಿಗೆ ಹಾನಿಕರವಾಗಬಹುದೆಂದೂ ಎಚ್ಚರಿಸಿದರು. ಅದು ತಮ್ಮ ಸ್ವಂತ ಅಭಿಪ್ರಾಯವೇ ಹೊರತು ಶಾಸ್ತ್ರೀಯವಾದ ಆಧಾರದಿಂದ ಹೇಳಿದ್ದಲ್ಲವೆಂದು ಮರುದಿನವೇ ಸಮಜಾಯಿಷಿ ಕೊಡಬೇಕಾಯಿತು. ಟೆಕ್ಸಸ್ ಸಂಸ್ಥಾನದ ಮೆಸ್ಕೀಟ್ ಎಂಬ ಊರಿನವರು ಹದಿನೇಳು ವರ್ಷದೊಳಗಿನವರು ಹಿರಿಯರ ಜೊತೆಯಿಲ್ಲದೆ ಇಂತಹ ಯಂತ್ರಗಳ ಬಳಿಗೆ ಹೋಗಕೂಡದೆಂದು ನಿಬಂಧನೆ ಮಾಡಿ, ಆ ವ್ಯಾಜ್ಯವು 1982ರಲ್ಲಿ ದೇಶದ ಅತ್ಯುಚ್ಚ ನ್ಯಾಯಾಲಯದವರೆಗೆ ಹೋಯಿತು. ಮ್ಯಾಸಚೂಸೆಟ್ಸಿನ ಮಾರ್ಷ್‌ಫೀಲ್ಡ್ ಎಂಬ ಊರಿನವರಂತೂ ಅದೇ ವರ್ಷ ಈ ಯಂತ್ರಗಳನ್ನು ತಮ್ಮ ಎಲ್ಲೆಯಿಂದಲೇ ಹೊರಗಟ್ಟಿದರು. ಆ ನಿಷೇಧವು 2014ರವರೆಗೂ ಇದ್ದಿತು! ಒಂದೇ ವರ್ಷದಲ್ಲಿ ಒಂದೂರು ಯಾವುದನ್ನು ಊರಾಚೆ ಹಾಕಿತೋ ಅದನ್ನೇ ಮತ್ತೊಂದೂರು ಕಿರೀಟವಾಗಿ ತಲೆಯ ಮೇಲೆ ಇಟ್ಟುಕೊಂಡಿತು.

ನಮ್ಮ ಮತದಲ್ಲಿ ಡಾಕ್ಟರರ ಆತಂಕವನ್ನು ಹಾಸ್ಯಮಾಡುವುದು ಸರಿಯಲ್ಲ. ಆದರೆ ಆ ಅಂಗಡಿಗಳಲ್ಲಿ ಇದ್ದ ಒಂದೆರಡು ಒಳ್ಳೆಯ ಅಂಶಗಳು ಇಂದು ಮಕ್ಕಳ ಅಂಗೈಗೆ ಬಂದು ಕುಳಿತಿರುವ ಫೋನಿನ ಆಟಗಳಲ್ಲಿ ಕಾಣಬರುವುದಿಲ್ಲವೆಂಬುದನ್ನೂ ಹೇಳಬೇಕು. ಅಲ್ಲಿ ಜೇಬಿನ ನಾಣ್ಯ ತೀರಿದರೆ ಆಟ ತೀರುತ್ತಿತ್ತು. ರಾತ್ರಿಯಾದರೆ ಅಂಗಡಿಯ ಬಾಗಿಲು ಮುಚ್ಚುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಆಡುವವನ ಬೆನ್ನಹಿಂದೆ ನಾಲ್ಕು ಮಂದಿ ನಿಂತು ನೋಡುತ್ತಿದ್ದರು. ಅವನ ಹೆಸರು ಅವರಿಗೆ ಗೊತ್ತಿತ್ತು. ಕೋಣೆಯ ಮೂಲೆಯಲ್ಲಿ ಕಂಬಳಿ ಹೊದೆದುಕೊಂಡು ಒಬ್ಬಂಟಿಯಾಗಿ ಆಡುವ ಮಗುವಿಗೆ ಈ ಮೂರರಲ್ಲಿ ಒಂದೂ ಇಲ್ಲ. ಇದನ್ನು ಮನೆಯ ಹಿರಿಯರು ಒಮ್ಮೆ ಯೋಚಿಸಿ ನೋಡಲಿ.

ಪ್ರಕೃತಕ್ಕೆ ಬರೋಣ. 1983ರ ಜನವರಿ 8 ಮತ್ತು 9ರಂದು ಅಟಮ್ವಾದಲ್ಲಿ ದೊಡ್ಡ ಪಂದ್ಯವೊಂದು ನಡೆದು ಟೆಕ್ಸಸ್ಸಿನ ಬೆನ್ ಗೋಲ್ಡ್ ಎಂಬ ಯುವಕನು ಗೆದ್ದನು. ಅದರ ಚಿತ್ರವನ್ನು ಮುಂದಿನ ತಿಂಗಳು ಟೆಲಿವಿಷನ್ನಿನಲ್ಲಿ ದೇಶವೆಲ್ಲ ನೋಡಿತು. ಈಗ ಸಾವಿರಾರು ಜನರ ಮುಂದೆ, ಕೋಟ್ಯಂತರ ರೂಪಾಯಿಗಳ ಬಹುಮಾನಕ್ಕಾಗಿ ನಡೆಯುವ ಆಟದ ಪಂದ್ಯಗಳ ಹಿರಿಯಜ್ಜಿಯಿದೆಂದು ಕೆಲವರು ಹೇಳುವರು. ಆದರೆ ಸುಗ್ಗಿಯು ಬಹಳ ದಿನ ನಿಲ್ಲಲಿಲ್ಲ. ಆ ವರ್ಷವೇ ಅಮೇರಿಕದಲ್ಲಿ ಈ ವ್ಯಾಪಾರವೆಲ್ಲ ಕುಸಿದುಬಿದ್ದಿತು. ಕಂಪೆನಿಗಳು ಮಿತಿಮೀರಿ ಆಟಗಳನ್ನು ತಯಾರಿಸಿದ್ದುವು, ಅವುಗಳಲ್ಲಿ ಹಲವು ಕಳಪೆಯಾಗಿದ್ದುವು, ಜನರಿಗೆ ಸಾಕಾಯಿತು. ಮನೆಯಲ್ಲಿ ಆಡುವ ವಿಡಿಯೋ ಆಟಗಳ ವ್ಯಾಪಾರವು 1983ರಲ್ಲಿ ಸುಮಾರು 320 ಕೋಟಿ ಡಾಲರುಗಳಷ್ಟಿದ್ದುದು 1985ರ ಹೊತ್ತಿಗೆ 10 ಕೋಟಿಗೆ ಇಳಿಯಿತೆಂದು ಲೆಕ್ಕ. ಮಾರಾಟವಾಗದ ಆಟದ ಪೆಟ್ಟಿಗೆಗಳನ್ನು ಅಟಾರಿ ಕಂಪೆನಿಯವರು ಲಾರಿಗಳಲ್ಲಿ ತುಂಬಿಸಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೋ ಎಂಬ ಊರಿನ ಕಸದ ಹೊಂಡದಲ್ಲಿ ಹೂತುಬಿಟ್ಟರು. ನಾಣ್ಯದಂಗಡಿಗಳೂ ಒಂದೊಂದಾಗಿ ಮುಚ್ಚಿದುವು. 1984ರ ಮಾರ್ಚ್ ತಿಂಗಳಲ್ಲಿ ಟ್ವಿನ್ ಗ್ಯಾಲಕ್ಸೀಸ್ ಅಂಗಡಿಗೂ ಬೀಗ ಬಿದ್ದಿತು. ರಾಜಧಾನಿಯೆಂಬ ಬಿರುದು ಬಂದು ಹದಿನಾರು ತಿಂಗಳೂ ತುಂಬಿರಲಿಲ್ಲ.

ಹೆಸರಿನ ಹಂಬಲವು ಆ ಊರಿಗೆ ಹೊಸತಲ್ಲ. 1890ನೆಯ ಇಸವಿಯಲ್ಲಿ ಅಟಮ್ವಾದವರು ತಮ್ಮ ಗಣಿಗಳ ಹಿರಿಮೆಯನ್ನು ಲೋಕಕ್ಕೆ ತೋರಿಸಬೇಕೆಂದು ಕಲ್ಲಿದ್ದಲಿನ ಅರಮನೆಯನ್ನೇ ಕಟ್ಟಿದ್ದರು. ಆಗ ಅಯೋವಾದಲ್ಲಿ ಇಂತಹದೊಂದು ಪೈಪೋಟಿ ನಡೆದಿತ್ತು. ಸೂ ಸಿಟಿಯವರು ಜೋಳದ ಅರಮನೆ ಕಟ್ಟಿದರು, ಕ್ರೆಸ್ಟನ್ನಿನವರು ಹುಲ್ಲಿನ ಅರಮನೆ ಕಟ್ಟಿದರು, ಇವರು ಹಿಂದೆ ಬೀಳಲೊಪ್ಪದೆ ಹೊರಗೋಡೆಗೆಲ್ಲ ಕಲ್ಲಿದ್ದಲನ್ನು ಹೊದಿಸಿ ಗೋಪುರವೆಬ್ಬಿಸಿದರು. ಒಳಗೆ ಗಣಿಯ ಮಾದರಿಯೊಂದನ್ನೂ ಮಾಡಿದ್ದರು. ಅಧ್ಯಕ್ಷರಾದ ಬೆಂಜಮಿನ್ ಹ್ಯಾರಿಸನ್ ಅವರೇ ಬಂದು ನೋಡಿ ಹೋದರು. ಎರಡು ಋತುಗಳು ಕಳೆದ ಮೇಲೆ ಅರಮನೆಯನ್ನು ಕೆಡವಲಾಯಿತು. ಅರಮನೆಯೂ ಎರಡು ವರ್ಷ, ಆಟದ ಕಿರೀಟವೂ ಎರಡು ವರ್ಷ. ಊರಿನ ಹಣೆಬರಹವೆಂದು ಅಲ್ಲಿಯ ಮುದುಕರು ಯಾರಾದರೂ ಅಂದುಕೊಂಡಿದ್ದರೆ ಅವರನ್ನು ತಪ್ಪೆನ್ನುವುದಕ್ಕಾಗುವುದಿಲ್ಲ.

ಹೀಗಿದ್ದರೂ 2009ನೆಯ ಇಸವಿಯಲ್ಲಿ ಊರಿನ ಪ್ರಮುಖರು ಮತ್ತೆ ಒಟ್ಟುಗೂಡಿದರು. ನಡುವೆ, 2007ರಲ್ಲಿ, ಆ ಹಳೆಯ ಆಟಗಾರರನ್ನು ಕುರಿತ ಎರಡು ಚಲನಚಿತ್ರಗಳು ಬಂದು, ಮರೆತುಹೋಗಿದ್ದ ಹೆಸರನ್ನು ಜನರ ಬಾಯಲ್ಲಿ ಮತ್ತೆ ಆಡಿಸಿದ್ದುವು. ಅವುಗಳಲ್ಲಿ ಒಂದು ಆ ಬೀದಿಯ ಭಾವಚಿತ್ರದಲ್ಲಿ ನಿಂತಿದ್ದವರನ್ನೇ ಹುಡುಕಿಕೊಂಡು ಹೋದ ಚಿತ್ರ. ಅಟಮ್ವಾದಲ್ಲಿ ಅಂತರರಾಷ್ಟ್ರೀಯ ವಿಡಿಯೋ ಆಟಗಳ ಕೀರ್ತಿಮಂದಿರವನ್ನು ಸ್ಥಾಪಿಸುವುದು, ವಸ್ತುಸಂಗ್ರಹಾಲಯವನ್ನು ಕಟ್ಟುವುದು, ದೇಶವಿದೇಶಗಳ ಯಾತ್ರಿಕರನ್ನು ಬರಮಾಡಿಕೊಳ್ಳುವುದು ಎಂದು ಸಂಕಲ್ಪವಾಯಿತು. 2010ರ ಆಗಸ್ಟ್ ತಿಂಗಳಲ್ಲಿ ಮೊದಲನೆಯ ಸನ್ಮಾನ ಸಮಾರಂಭವು ನಾಲ್ಕು ದಿನಗಳ ಉತ್ಸವದೊಡನೆ ನಡೆದು, ಹಳೆಯ ಆಟಗಾರರು ಕೂದಲು ನರೆತವರಾಗಿ ಅದೇ ಊರಿಗೆ ಬಂದರು. ಸನ್ಮಾನಿತರಲ್ಲಿ ಡೇ ಅವರೂ ಒಬ್ಬರು.

ಬಯಸುವುದು ಸುಲಭ; ಕಟ್ಟಡವೆಬ್ಬಿಸುವುದಕ್ಕೆ ಹಣ ಬೇಕು. ಹಣವುಳ್ಳ ಊರುಗಳು ಈ ನಡುವೆ ಸುಮ್ಮನೆ ಕೂತಿರಲಿಲ್ಲ. ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರದಲ್ಲಿ ಮಾರ್ಗರೆಟ್ ಸ್ಟ್ರಾಂಗ್ ಎಂಬ ಸಿರಿವಂತ ಮಹಿಳೆಯು ಕೂಡಿಟ್ಟ ಬೊಂಬೆಗಳಿಂದ ಹುಟ್ಟಿಕೊಂಡ ದೊಡ್ಡದೊಂದು ಆಟದ ವಸ್ತುಸಂಗ್ರಹಾಲಯವುಂಟು. ಅವರು 2015ರಲ್ಲಿ ತಮ್ಮದೇ ಆದ ವಿಶ್ವ ವಿಡಿಯೋ ಆಟಗಳ ಕೀರ್ತಿಮಂದಿರವನ್ನು ಸ್ಥಾಪಿಸಿ, ಪಾಂಗ್, ಪ್ಯಾಕ್‌ಮ್ಯಾನ್, ಟೆಟ್ರಿಸ್ ಮೊದಲಾದ ಆರು ಆಟಗಳಿಗೆ ಮೊದಲ ಪಂಕ್ತಿಯಲ್ಲಿ ಮಣೆ ಹಾಕಿದರು. ಟೆಕ್ಸಸ್ಸಿನ ಫ್ರಿಸ್ಕೋ ಎಂಬಲ್ಲಿ 2016ರಲ್ಲಿ ರಾಷ್ಟ್ರೀಯ ವಿಡಿಯೋ ಆಟಗಳ ಸಂಗ್ರಹಾಲಯವು ತೆರೆಯಿತು. ನ್ಯೂ ಹ್ಯಾಂಪ್‌ಷೈರಿನ ಲಕೋನಿಯಾದಲ್ಲಿರುವ ಫನ್‌ಸ್ಪಾಟ್ ಎಂಬ ಹಳೆಯ ಆಟದಂಗಡಿಯು ಪ್ರಪಂಚದಲ್ಲೇ ಅತಿ ದೊಡ್ಡದೆಂದು 2008ರಲ್ಲಿ ಗಿನ್ನೆಸ್ ಪುಸ್ತಕದವರಿಂದ ಮನ್ನಣೆ ಪಡೆದಿತ್ತು. ಇನ್ನು ಅಲಮೊಗಾರ್ಡೋವಿನ ಅದೃಷ್ಟವನ್ನು ಏನೆನ್ನೋಣ! 2014ರ ಏಪ್ರಿಲ್ ತಿಂಗಳಲ್ಲಿ ಆ ಕಸದ ಹೊಂಡವನ್ನು ಅಗೆದು, ಮೂವತ್ತು ವರ್ಷ ಮಣ್ಣಿನಲ್ಲಿದ್ದ ಆಟದ ಪೆಟ್ಟಿಗೆಗಳನ್ನು ಹೊರತೆಗೆದು ಹರಾಜು ಹಾಕಿದರು. ಒಂದು ಲಕ್ಷ ಡಾಲರುಗಳಿಗೂ ಮಿಕ್ಕಿ ಹಣ ಬಂದಿತು. ಹೆಸರಿಗಾಗಿ ಹಾತೊರೆದ ಊರಿಗಿಂತ, ಹೆಸರು ಬೇಡವೆಂದರೂ ಕಸವನ್ನು ಹೊತ್ತುಕೊಂಡಿದ್ದ ಊರಿಗೇ ಹಣ ಬಂದ ಹಾಗಾಯಿತು.

ಲೆಕ್ಕದ ಪುಸ್ತಕದ ಗತಿಯೇನಾಯಿತೆಂದು ವಾಚಕರು ಕೇಳಬಹುದು. ಅಂಗಡಿ ಮುಚ್ಚಿದರೂ ಡೇ ಅವರು ಪುಸ್ತಕವನ್ನು ಮುಚ್ಚಲಿಲ್ಲ. 1998ರಲ್ಲಿ ಅದನ್ನು 984 ಪುಟಗಳ ಗ್ರಂಥವಾಗಿ ಅಚ್ಚುಹಾಕಿಸಿದರು. 2010ರಲ್ಲಿ ಅವರು ಆ ಕೆಲಸದಿಂದ ನಿವೃತ್ತರಾದರು. 2014ರಲ್ಲಿ ಸಂಸ್ಥೆಯು ಬೇರೊಬ್ಬರ ಕೈ ಸೇರಿತು. ಅದಾದ ಮೇಲೆ 2018ರಲ್ಲಿ, ಪ್ರಖ್ಯಾತನಾದ ಒಬ್ಬ ಆಟಗಾರನ ಅಂಕಗಳು ನಿಜವಾದ ಯಂತ್ರದಲ್ಲಿ ಆಡಿ ಪಡೆದವೇ ಎಂಬ ಸಂಶಯವೆದ್ದು, ಅವನ್ನು ಪಟ್ಟಿಯಿಂದ ತೆಗೆದುಹಾಕಿದರು. ಆತನು ನ್ಯಾಯಾಲಯಕ್ಕೆ ಹೋದನು. 2024ರಲ್ಲಿ ರಾಜಿಯಾಯಿತು. ಆಟದ ಅಂಕಗಳಿಗಾಗಿ ವಕೀಲರು, ದಾವೆಗಳು, ವರ್ಷಾನುಗಟ್ಟಲೆ ಅಲೆದಾಟ ಎಂದು ನಗಬಾರದು. ಆಸ್ತಿಪಾಸ್ತಿಗಳ ದಾವೆಯಲ್ಲಿ ಇರುವಂತೆ ಇಲ್ಲಿಯೂ ಪ್ರಶ್ನೆ ಒಂದೇ: ಕಣ್ಣಿಂದ ಕಂಡವರು ಯಾರು?

ಅಟಮ್ವಾದ ಪ್ರಮುಖರಿಗೆ ಸಲಹೆ ಕೊಡುವ ಅಧಿಕಾರ ನಮಗಿಲ್ಲ. ಆದರೂ ದೂರದಿಂದ ನೋಡುವವರಿಗೆ ಒಂದು ಸಂಗತಿ ತೋರುವುದು. ಯಂತ್ರಗಳನ್ನು ಕೂಡಿಹಾಕುವುದರಲ್ಲಿ ಆ ಊರು ರಾಚೆಸ್ಟರನ್ನಾಗಲಿ ಫ್ರಿಸ್ಕೋವನ್ನಾಗಲಿ ಎಂದಿಗೂ ಸರಿಗಟ್ಟಲಾರದು. ಹಣವಿದ್ದವರು ಪ್ಯಾಕ್‌ಮ್ಯಾನ್ ಯಂತ್ರವನ್ನು ಎಲ್ಲಿಂದಲಾದರೂ ಕೊಂಡು ತರಬಹುದು. ಆದರೆ 1982ರಲ್ಲಿ ಆ ಬೀದಿಯಲ್ಲಿ ನಿಂತಿದ್ದವರನ್ನು ಕೊಂಡು ತರುವಂತಿಲ್ಲ. ಅಂದಿನ ಹುಡುಗರಿಗೆ ಈಗ ಅರವತ್ತರ ಆಸುಪಾಸು. ಅವರ ಬೆನ್ನ ಹಿಂದೆ ನಿಂತು ನೋಡಿದವರು, ರಾತ್ರಿ ಟೆಲಿಫೋನ್ ಎತ್ತಿದವರು, ಮಗನಿಗೆ ಬುತ್ತಿ ಕಟ್ಟಿಕೊಂಡು ಅಂಗಡಿಗೆ ಬಂದ ತಾಯಂದಿರು, ಇವರ ಮಾತುಗಳನ್ನೆಲ್ಲ ಕೇಳಿ ಬರೆದಿಟ್ಟುಕೊಂಡರೆ ಅದಕ್ಕೆ ಅರಮನೆ ಬೇಕಾಗಿಲ್ಲ. ಪುಸ್ತಕಭಂಡಾರದ ಒಂದು ಕೋಣೆ ಸಾಕು. 2020ರ ಗಣತಿಯಲ್ಲಿ ಊರಿನ ಜನಸಂಖ್ಯೆ 25,529. ಅದು ಬೆಳೆಯುವುದು ಕಾರ್ಖಾನೆಗಳ ಕೆಲಸದಿಂದಲೇ ಹೊರತು ಆಟದ ಹೆಸರಿನಿಂದಲ್ಲವೆಂಬುದನ್ನು ಅಲ್ಲಿಯವರೂ ಬಲ್ಲರು. ಆದರೆ ತನ್ನ ಮಕ್ಕಳು ಮಾಡಿದ್ದನ್ನು ನೆನಪಿನಲ್ಲಿಡುವ ಹಕ್ಕು ಬಡ ಊರಿಗೂ ಉಂಟು.

ಯಾವ ಬಗೆಯ ನೆನಪೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುವೆವು. ಅಂಗಡಿಗೆ ಬೀಗ ಬೀಳುವುದಕ್ಕೆ ಎರಡು ತಿಂಗಳ ಹಿಂದೆ, 1984ರ ಜನವರಿಯಲ್ಲಿ, ಅಟಮ್ವಾದವನೇ ಆದ ಟಿಮ್ ಮೆಕ್‌ವೇ ಎಂಬ ಹದಿನಾರು ವರ್ಷದ ಹುಡುಗನು ನಿಬ್ಲರ್ ಎಂಬ ಆಟದ ಯಂತ್ರದ ಮುಂದೆ ನಿಂತನು. ಹಾವೊಂದನ್ನು ಸಂದುಗೊಂದುಗಳಲ್ಲಿ ಹರಿದಾಡಿಸಿ ಕಾಳು ತಿನ್ನಿಸುವ ಆಟವದು. ತಿಂದಷ್ಟೂ ಹಾವು ಉದ್ದವಾಗುವುದು. ತನ್ನ ಬಾಲವನ್ನು ತಾನೇ ಮುಟ್ಟಿದರೆ ಸತ್ತಿತು. ಬೇರೆ ಯಂತ್ರಗಳಲ್ಲಿ ಅಂಕಗಳಿಗೆ ಆರೇಳು ಸ್ಥಾನಗಳಿದ್ದರೆ ಇದರಲ್ಲಿ ಒಂಬತ್ತು ಸ್ಥಾನಗಳಿದ್ದುವು. ನೂರು ಕೋಟಿ ಮುಟ್ಟಿದವರು ಆವರೆಗೆ ಪ್ರಪಂಚದಲ್ಲಿ ಯಾರೂ ಇರಲಿಲ್ಲ. ಹುಡುಗನು ಒಂದೇ ಒಂದು ಕಾಲು ಡಾಲರಿನ ನಾಣ್ಯ ಹಾಕಿ, ನಿದ್ದೆಯಿಲ್ಲದೆ, ನಲವತ್ತನಾಲ್ಕು ಗಂಟೆಗಳಿಗೂ ಮೇಲ್ಪಟ್ಟು ಆಡಿದನು. ಹೆಚ್ಚುವರಿ ಪ್ರಾಣಗಳನ್ನು ಮೊದಲೇ ಕೂಡಿಟ್ಟುಕೊಂಡು, ಹಾವುಗಳು ಒಂದೊಂದಾಗಿ ಸಾಯುತ್ತಿರುವ ಅಷ್ಟು ಹೊತ್ತಿನಲ್ಲಿಯೇ ಓಡಿಹೋಗಿ ಬಂದು ಮತ್ತೆ ಕೋಲು ಹಿಡಿಯಬೇಕಾಗಿತ್ತು. 17ನೆಯ ತಾರೀಕು ಅವನ ಅಂಕವು 1,00,00,42,270 ಆಯಿತು. ನಗರಾಧ್ಯಕ್ಷರು ಜನವರಿ 28ನೆಯ ದಿನವನ್ನು ಅವನ ಹೆಸರಿನ ದಿನವೆಂದು ಸಾರಿ, ಊರಿನ ಬೀಗದ ಕೈಯನ್ನು ಅವನಿಗೆ ಕೊಟ್ಟರು. ಅದೇ ಆಟದ ಯಂತ್ರವೊಂದು ಅವನಿಗೆ ಬಹುಮಾನವಾಗಿ ಬಂದಿತು. ಬಹುಕಾಲದ ಮೇಲೆ ಇಟಲಿಯವನೊಬ್ಬನು ಅದೇ ವರ್ಷ ಇದಕ್ಕಿಂತ ಹೆಚ್ಚು ಅಂಕ ಪಡೆದಿದ್ದನೆಂಬ ವಾರ್ತೆ ಬರಲು, ನಲವತ್ತು ದಾಟಿದ್ದ ಮೆಕ್‌ವೇ ಮತ್ತೆ ಯಂತ್ರದ ಮುಂದೆ ನಿಂತು, 2011ನೆಯ ಇಸವಿಯಲ್ಲಿ ತನ್ನ ಹಳೆಯ ಅಂಕವನ್ನು ತಾನೇ ಮೀರಿಸಿದನು.

ಅಂದು, ಆ 1984ರ ಜನವರಿಯಲ್ಲಿ, ಅಂಗಡಿಯಲ್ಲಿ ಎಚ್ಚರವಿದ್ದವರು ಯಾರುಯಾರೆಂಬುದನ್ನು ಪಟ್ಟಿಮಾಡುವುದರಿಂದಲೇ ಆ ಕೋಣೆಯ ಕೆಲಸವನ್ನು ಆರಂಭಿಸಬಹುದು. ಏಕೆಂದರೆ ಆ ಯಂತ್ರದಲ್ಲಿ ಒಂಬತ್ತು ಸ್ಥಾನಗಳು ತುಂಬಿದ ಮೇಲೆ ಹತ್ತನೆಯದಕ್ಕೆ ಜಾಗವಿರಲಿಲ್ಲ. ನೂರು ಕೋಟಿ ಆದೊಡನೆ ಅಂಕಿಗಳೆಲ್ಲ ಸೊನ್ನೆಗೆ ತಿರುಗಿ ಮತ್ತೆ ಮೊದಲಿನಿಂದ ಎಣಿಕೆ ಹಿಡಿಯುತ್ತಿದ್ದುವು. ಹುಡುಗನು ಕೈಬಿಟ್ಟು ಹಿಂದೆ ಸರಿದಾಗ ಗಾಜಿನ ಮೇಲೆ ಉಳಿದಿದ್ದುದು 42,270 ಮಾತ್ರ.